ಮೀಡಿಯಂ ವೇವ್ ನಿಂತರೆ ಗುಡ್ಡದ ಹಿಂದಿನ ಊರುಗಳು ಭದ್ರಾವತಿ ಆಕಾಶವಾಣಿ ಕೇಳೋದು ಹೇಗೆ?

ಅಡಿಕೆಮನೆ_ಹೊಸನಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವಳು, ನಗರ ಅನ್ನೋ ಊರಿಂದ ಇನ್ನೂ ಒಳಗೆ. ರೇಡಿಯೋ ತಂತ್ರಜ್ಞಾನ ಗೊತ್ತಿರುವವರು, ಆಕಾಶವಾಣಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದಾರೆ ಅಂತ ಕೇಳುತ್ತಿದ್ದೇನೆ.

ದೇಶದಲ್ಲಿ ಎಷ್ಟೋ ಕಡೆ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸುತ್ತಾ ಬಂದಿದ್ದಾರೆ. ಖರ್ಚು ಜಾಸ್ತಿ, ಕೇಳುವವರು ಕಡಿಮೆ, ಎಫ್‌ಎಂ ಇದೆ, ಮೊಬೈಲ್ ಇದೆ ಅನ್ನೋದು ಕಾರಣ. ಭದ್ರಾವತಿ ನಿಲಯ ಶುರುವಾಗಿದ್ದು 1965ರಲ್ಲಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗಲೇ ರೇಡಿಯೋದ ಮುಳ್ಳು ಭದ್ರಾವತಿ ಮೀಡಿಯಂ ವೇವ್ ಸಿಗುವ 675ರ ಮೇಲಿತ್ತು. ಅದನ್ನು ಅಲ್ಲಾಡಿಸಿದರೆ ಮಾವನವರಿಗೆ ಸಿಟ್ಟು ಬರುತ್ತಿತ್ತು.

ಹೊರಗಿನವರಿಗೆ ಇದು ಹಳೇ ಹಾಡಿನ ಪೆಟ್ಟಿಗೆ ಅನ್ನಿಸಬಹುದು. ನಮಗೆ ಹಾಗಲ್ಲ. ಜಡಿಮಳೆ ಹಿಡಿದರೆ ನಮ್ಮಲ್ಲಿ ಮೊದಲು ಹೋಗೋದು ಕರೆಂಟು. ಲೈನಿನ ಮೇಲೆ ಮರ ಬಿದ್ದಿರುತ್ತದೆ, ಲೈನ್‌ಮನ್ ಆದರೂ ಪಾಪ ಎಷ್ಟು ಕಡೆ ಅಂತ ಓಡಾಡಿಯಾರು? ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಮೊಬೈಲಿನಲ್ಲಿ ಒಂದು ಗೆರೆಯೂ ಇರುವುದಿಲ್ಲ. ಆಗ ಉಳಿಯೋದು ಸೆಲ್ಲು ಹಾಕಿದ ರೇಡಿಯೋ ಒಂದೇ. ಎಲ್ಲಿ ಗುಡ್ಡ ಕುಸಿಯಿತು, ನಾಳೆ ಶಾಲೆಗೆ ರಜೆಯಾ, ಲಿಂಗನಮಕ್ಕಿ ಅಣೆಕಟ್ಟಿಗೆ ಎಷ್ಟು ನೀರು ಬಂತು, ಅದು ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ, ಎಲ್ಲ ಅದರಿಂದಲೇ ತಿಳಿಯಬೇಕು. ನಮ್ಮ ಅತ್ತೆಯವರ ತವರು ಮುಳುಗಡೆಯಲ್ಲಿ ಹೋದ ಊರು. ಅಣೆಕಟ್ಟಿನ ನೀರಿನ ಮಟ್ಟ ಹೇಳುವಾಗ ಅವರು ಈಗಲೂ ದೋಸೆ ಕಾವಲಿ ಇಳಿಸಿ ಎದ್ದು ಬರುತ್ತಾರೆ. ಆ ಒಂದು ಸಾಲು ಕೇಳುವವರೆಗೆ ಯಾರೂ ಮಾತಾಡುವ ಹಾಗಿಲ್ಲ.

ಆಮೇಲೆ ಕೃಷಿ ಕಾರ್ಯಕ್ರಮ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡೋದು ನಮಗೆ ಗೊತ್ತಿಲ್ಲದ್ದೇನಲ್ಲ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಮಾವನವರು ರೇಡಿಯೋ ಕೇಳಿ ಇದನ್ನು ಅಡಿಕೆ ಮನೆಯ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿದ್ದರು. ಸುಣ್ಣ ಬಳಿಯುವಾಗ ಆ ಜಾಗ ಬಿಟ್ಟು ಬಳಿಯುತ್ತೇವೆ. ಆದರೆ ಯಾವಾಗ ಹೊಡೆಯಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕ ದಿನ ಮಳೆ, ಬಿಸಿಲು ಬಂದ ದಿನ ಕೊನೆಗೌಡ ಇಲ್ಲ. ನಾಡಿದ್ದು ಮಳೆ ಬಿಡುವು ಕೊಡಬಹುದು ಅಂತ ರೇಡಿಯೋ ಹೇಳಿದರೆ ಇವತ್ತೇ ಅವನ ಮನೆಗೆ ಹೇಳಿ ಕಳಿಸುತ್ತೇವೆ. ಈಗ ಎಲೆಚುಕ್ಕೆ ರೋಗ ಬೇರೆ ಸೇರಿಕೊಂಡಿದೆ. 2019ರಲ್ಲಿ ಸಾಗರದ ಅರಳಗೋಡು ಕಡೆ ಮಂಗನ ಕಾಯಿಲೆ ಜೋರಾದಾಗಲೂ ಅಷ್ಟೆ. ಮಂಗ ಸತ್ತು ಬಿದ್ದಿದ್ದು ಕಂಡರೆ ತಿಳಿಸಿ, ತೈಲ ಹಚ್ಚಿಕೊಳ್ಳದೆ ಕಾಡಿಗೆ ಹೋಗಬೇಡಿ ಅನ್ನುವ ಮಾತು ದರಗು (ಒಣ ಎಲೆ) ತರಲು ಹೋಗುವ ಹೆಂಗಸರ ಕಿವಿಗೆ ಬೀಳಬೇಕಲ್ವಾ? ಅವರು ಪೇಪರ್ ಓದುತ್ತಾ ಕೂರುವವರಲ್ಲ.

ನನ್ನ ಪ್ರಶ್ನೆ ಇಷ್ಟು. 675 ಹೋಗಿ ಬರೀ 103.5 ಎಫ್‌ಎಂ ಉಳಿದರೆ ನಮ್ಮಂಥ ಊರಿಗೆ ಅದು ಮುಟ್ಟುತ್ತದಾ? ಕೇಳುಗರಾದ ನಾವು ಈಗಲೇ ಏನಾದರೂ ಮಾಡಬಹುದಾ?

ಸಾಗರದ_ರಿಪೇರಿ:

ಅಕ್ಕ, ನಮ್ಮದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಸುಮ್ನೆ ಧೈರ್ಯ ಹೇಳುವುದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

675 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 444 ಮೀಟರ್. ಅದು ನೆಲ ಹಿಡಿದುಕೊಂಡು, ಗುಡ್ಡ ಬಳಸಿಕೊಂಡು ಬರುತ್ತದೆ. 103.5ರ ಅಲೆ ಮೂರು ಮೀಟರೂ ಇಲ್ಲ. ಅದು ಹೆಚ್ಚುಕಡಿಮೆ ನೇರ ಹೋಗುವಂಥದ್ದು. ಎದುರಿಗೆ ಗುಡ್ಡ ಸಿಕ್ಕರೆ ಹಿಂದಿನ ಕಣಿವೆಗೆ ಸರಿಯಾಗಿ ಇಳಿಯುವುದಿಲ್ಲ. ಭದ್ರಾವತಿ, ಶಿವಮೊಗ್ಗದ ಬಯಲಲ್ಲಿ ತೊಂದರೆ ಇಲ್ಲ. ಘಟ್ಟದ ಅಂಚಿಗೆ ಬಂದಂತೆ ಒಂದು ದಿಬ್ಬದ ಮೇಲೆ ಸಿಕ್ಕಿದ್ದು ಕೆಳಗಿನ ಮನೆಯಲ್ಲಿ ಸಿಗುವುದಿಲ್ಲ.

ಹಾಗಂತ ಮೀಡಿಯಂ ವೇವ್ ಇಟ್ಟುಕೊಳ್ಳುವುದು ಅಗ್ಗದ ಕೆಲಸವಲ್ಲ. ಭದ್ರಾವತಿಯದು 20 ಕಿಲೋವ್ಯಾಟಿನದು. ಅಷ್ಟು ಹೊರಗೆ ಬಿಡಬೇಕಾದರೆ ಅದಕ್ಕಿಂತ ಜಾಸ್ತಿ ಕರೆಂಟು ಒಳಗೆ ಹೋಗಬೇಕು. ಹಳೇ ಮಾದರಿಯ ಬಿಡಿಭಾಗ ಹುಡುಕುವುದೂ ಕಷ್ಟ. ಕೇಳುವವರ ಕಡೆಯಿಂದಲೂ ತೊಂದರೆ ಇದೆ. ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್ ಬಂದಮೇಲೆ ಮೀಡಿಯಂ ವೇವ್‌ನಲ್ಲಿ ಗರಗರ ಜಾಸ್ತಿ. ಸೆಟ್ ಕೆಟ್ಟಿದೆ ಅಂತ ಅಂಗಡಿಗೆ ತರುತ್ತಾರೆ, ನಾನು ಮನೆಯ ಬಲ್ಬು ಆರಿಸಿ ನೋಡಿ ಅನ್ನುತ್ತೇನೆ. ಇನ್ನೊಂದು, ಸೆಟ್ಟನ್ನೇ ಸ್ವಲ್ಪ ತಿರುಗಿಸಿ ಇಡಿ. ಮೀಡಿಯಂ ವೇವ್‌ಗೆ ಹೊರಗಿನ ಕಡ್ಡಿ ಎಳೆದು ಪ್ರಯೋಜನವಿಲ್ಲ, ಆಂಟೆನಾ ಒಳಗಿರುವ ಕಪ್ಪು ಫೆರೈಟ್ ಕೋಲು. ಅದರ ಅಡ್ಡಮಗ್ಗುಲು ಭದ್ರಾವತಿ ಕಡೆಗಿದ್ದರೆ ದನಿ ಗಟ್ಟಿ.

ನನ್ನನ್ನು ಕೇಳಿದರೆ ನೀವು ಹಿಡಿಯಬೇಕಾದ ಅಂಕಿ ಬೇರೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ, ದೂರದರ್ಶನಕ್ಕೆ 2,539 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಎಫ್‌ಎಂ ಜನಸಂಖ್ಯೆಯ ಶೇ 80ಕ್ಕೆ, ಭೂಭಾಗದ ಶೇ 66ಕ್ಕೆ ಮುಟ್ಟಬೇಕು ಅನ್ನೋದು ಅದರ ಗುರಿ. ಅಂದರೆ ಗುರಿ ಪೂರ್ತಿ ಮುಟ್ಟಿದರೂ ದೇಶದ ಮೂರನೇ ಒಂದು ಭಾಗ ನೆಲ ಹೊರಗೇ. ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ ಇರುವ ನಮ್ಮಂಥ ಕಡೆಯೇ ಮೊದಲು ಬಿಟ್ಟುಹೋಗೋದು. ಅದೇ ವರ್ಷ ಏಪ್ರಿಲ್ 28ಕ್ಕೆ ದೇಶದಲ್ಲಿ 91 ಕಡೆ 100 ವ್ಯಾಟಿನ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಶುರು ಮಾಡಿದರು. ಘಟ್ಟದ ಅಂಚಿನ ಎತ್ತರದ ಜಾಗಗಳಲ್ಲಿ ಅಂಥವು ಎದ್ದು ಭದ್ರಾವತಿಯದನ್ನೇ ಮರುಪ್ರಸಾರ ಮಾಡಿದರೆ ಆಗ ಮಾತು. ಅದಕ್ಕೂ ಮುಂಚೆ ಮೀಡಿಯಂ ವೇವ್ ತೆಗೆಯೋದು ತಪ್ಪು.

ಮೈಕಿನ_ಮುಂದೆ:

ನಾನು ತಾತ್ಕಾಲಿಕ ಉದ್ಘೋಷಕಿಯಾಗಿ ಕೆಲಸ ಮಾಡಿದವಳು. ಯಾವ ನಿಲಯ ಅನ್ನೋದು ಬೇಡ. ತಿಂಗಳಿಗೆ ಆರು ಬುಕಿಂಗ್ ಮಾತ್ರ ಸಿಗುತ್ತಿತ್ತು, ಅಷ್ಟಕ್ಕೇ ಸಂಭಾವನೆ. ಕಾಯಂ ಉದ್ಘೋಷಕರು ಒಬ್ಬೊಬ್ಬರೇ ನಿವೃತ್ತರಾದರು, ಆ ಕುರ್ಚಿಗೆ ಬೇರೆಯವರು ಬರಲಿಲ್ಲ.

ಮೇಡಂ, ನೀವು ಟ್ರಾನ್ಸ್‌ಮಿಟರ್ ಬಗ್ಗೆ ಕೇಳಿದ್ದೀರಿ. ನನಗೆ ಅದಕ್ಕಿಂತ ಜಾಸ್ತಿ ಭಯ ಇರೋದು ಸ್ಥಳೀಯ ಕಾರ್ಯಕ್ರಮಗಳ ಸಮಯದ ಬಗ್ಗೆ. 2018ರ ಡಿಸೆಂಬರ್ ಕೊನೆಯಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನೂ ಐದು ತರಬೇತಿ ಕೇಂದ್ರಗಳನ್ನೂ ಮುಚ್ಚಲು ಆದೇಶ ಬಂತು. ಖರ್ಚು ಕಡಿತವೂ ಒಂದು ಕಾರಣ. ಆಮೇಲೆ 2021ರ ಜನವರಿಯಲ್ಲಿ ನಿಲಯಗಳನ್ನು ಮುಚ್ಚುತ್ತಾರೆ ಅಂತ ಸುದ್ದಿ ಹಬ್ಬಿದಾಗ, ಯಾವ ರಾಜ್ಯದಲ್ಲೂ ಯಾವ ನಿಲಯವನ್ನೂ ಮುಚ್ಚುವುದಿಲ್ಲ ಎಂದು ಆಕಾಶವಾಣಿ ನಡೆಸುವ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಅದನ್ನು ನಾನು ನಂಬುತ್ತೇನೆ. ಆದರೆ ನಿಲಯ ಮುಚ್ಚದೆಯೂ ಖಾಲಿ ಮಾಡಬಹುದು. ಊರಿನ ಗಮಕಿ, ತಾಳಮದ್ದಳೆ ತಂಡ, ಕೃಷಿ ವಿಜ್ಞಾನಿ ಸ್ಟುಡಿಯೋಗೆ ಬರಬೇಕಾದರೆ ಕರೆಯಲು ಜನ ಬೇಕು, ಧ್ವನಿಮುದ್ರಿಸಲು ಜನ ಬೇಕು, ಸಂಭಾವನೆಗೆ ದುಡ್ಡು ಬೇಕು. ಅದಿಲ್ಲದಿದ್ದರೆ ರಾಜಧಾನಿಯಿಂದ ಬರುವುದನ್ನೇ ಹಾಕೋದು ಸುಲಭ. ಹಾಗೆ ಹಾಕುತ್ತಾ ಹೋದರೆ ಕೇಳುವವರು ಕಡಿಮೆಯಾಗುತ್ತಾರೆ. ಕಡಿಮೆಯಾದರು ಅಂತ ಇನ್ನಷ್ಟು ಕಡಿತ. ನೀವು ಪತ್ರ ಬರೆಯುವಾಗ ಟ್ರಾನ್ಸ್‌ಮಿಟರ್ ಉಳಿಸಿ ಅಂತ ಮಾತ್ರ ಬರೆಯಬೇಡಿ. ಈ ಕಾರ್ಯಕ್ರಮ, ಈ ಹೊತ್ತಿಗೆ, ನಮ್ಮ ಮನೆಯಲ್ಲಿ ಇಷ್ಟು ಜನ ಕೇಳುತ್ತೇವೆ ಅಂತ ಬರೆಯಿರಿ. ಅಂಥ ಪತ್ರವನ್ನು ನಾವು ಫೈಲಿಗೆ ಹಾಕಿ ಇಟ್ಟುಕೊಳ್ಳುತ್ತಿದ್ದೆವು.

ತೀರ್ಥಹಳ್ಳಿ_ಹುಡುಗ:

ನಾನು ಬೆಂಗಳೂರಲ್ಲಿ ಇದ್ದೇನೆ. ನ್ಯೂಸ್ ಆನ್ ಏರ್ ಆಪ್‌ನಲ್ಲಿ ಭದ್ರಾವತಿ ಹಾಕಿಕೊಂಡೇ ಆಫೀಸಿಗೆ ಹೋಗೋದು. ದನಿ ಸ್ವಚ್ಛ. ಆಪ್ ಬಂದಿದ್ದರಿಂದ ನನ್ನಂಥವರಿಗೆ ಊರಿನ ನಿಲಯ ಮತ್ತೆ ಸಿಕ್ಕಿತು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಆದರೆ ಮಳೆಗಾಲದಲ್ಲಿ ಅಮ್ಮನಿಗೆ ಫೋನೇ ಹೋಗುವುದಿಲ್ಲ, ಇನ್ನು ಆಪ್ ಎಲ್ಲಿಂದ? ಆಪ್ ನನಗೆ ಸರಿ, ಅಮ್ಮನಿಗೆ ಅಲ್ಲ.

ಹಳೇನಗರ_ಭದ್ರಾವತಿ:

ನಮ್ಮೂರಿನ ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಇಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಬಂದಾಗ ಕಾರ್ಮಿಕರು, ಊರಿನವರು, ಅಂಗಡಿಯವರು ಎಲ್ಲ ಬೀದಿಗಿಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅದರ ಬಾರ್ ಮಿಲ್ ಮತ್ತೆ ಶುರುವಾಯಿತು. ಕೇಳಿದ್ದಕ್ಕೇ ಅಷ್ಟಾದರೂ ಆಗಿದ್ದು. ಆಕಾಶವಾಣಿಗೂ ಆದೇಶ ಬರಲಿ ಅಂತ ಕಾಯೋದು ಬೇಡ. ಪತ್ರ ಕೈಯಲ್ಲಿ ಕೊಡಬೇಕಿದ್ದರೆ ನಾನು ತಲುಪಿಸುತ್ತೇನೆ.

ಅಡಿಕೆಮನೆ_ಹೊಸನಗರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಲ್ಬು ಆರಿಸಿ, ಸೆಟ್ ತಿರುಗಿಸಿ ನೋಡಿದೆ, ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು.

ಮೇಡಂ ಹೇಳಿದ್ದು ಮನಸ್ಸಿಗೆ ನಾಟಿತು. ಹೊಸಹಳ್ಳಿಯ ಗಮಕ ನಾನು ಮೊದಲು ಕೇಳಿದ್ದೇ ಅಡಿಕೆ ಸುಲಿಯುತ್ತಾ ಕೂತಿದ್ದಾಗ, ರೇಡಿಯೋದಲ್ಲಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರೆಲ್ಲ ಮಾತು ನಿಲ್ಲಿಸಿ ಕೇಳಿದ್ದೆವು. ಅಂಥದ್ದು ಹೋಗಿ ಎಲ್ಲ ಊರಿಗೂ ಒಂದೇ ಕಾರ್ಯಕ್ರಮ ಬಂದರೆ ಟ್ರಾನ್ಸ್‌ಮಿಟರ್ ಉಳಿದೂ ನಮಗೆ ಉಪಯೋಗವಿಲ್ಲ. ಹಾಗಾಗಿ ಪತ್ರದಲ್ಲಿ ಎರಡೂ ಇರುತ್ತದೆ. ಗುಡ್ಡದ ಮೇಲೆ ಸಣ್ಣ ಎಫ್‌ಎಂ ಬರುವವರೆಗೆ 675 ಮುಟ್ಟಬೇಡಿ, ಸ್ಥಳೀಯ ಕಾರ್ಯಕ್ರಮದ ಹೊತ್ತು ಕಡಿಮೆ ಮಾಡಬೇಡಿ. ನಿಲಯಕ್ಕೆ ಒಂದು ಪ್ರತಿ, ಸಂಸದರಿಗೆ ಒಂದು. ನಮ್ಮ ಸ್ವಸಹಾಯ ಸಂಘದವರ ಸಹಿ ನಾನು ಹಾಕಿಸುತ್ತೇನೆ, ಸೊಸೈಟಿಯಲ್ಲೂ ಕೇಳುತ್ತೇನೆ.

ಎಲ್ಲೆಲ್ಲಿ ಎಫ್‌ಎಂ ಸಿಗುವುದಿಲ್ಲ ಅಂತ ಊರಿನ ಹೆಸರು ಹಾಕಿ ಬರೆದರೆ ತೂಕ ಬರುತ್ತದೆ. ಮಾಸ್ತಿಕಟ್ಟೆ, ಯಡೂರು, ನಿಟ್ಟೂರು, ಆಗುಂಬೆ, ತುಮರಿ ಕಡೆಯವರು ದಯವಿಟ್ಟು ಮನೆಯೊಳಗೆ ಒಮ್ಮೆ, ಅಂಗಳದಲ್ಲಿ ಒಮ್ಮೆ 103.5 ಹಾಕಿ ನೋಡಿ, ಹೇಗೆ ಬಂತು ಅಂತ ಇಲ್ಲೇ ಕೆಳಗೆ ಹಾಕಿ.