ಹಿರಿಯರ ವಸತಿ: ಬಾಯ್ಲರ್ ಟೆಂಪರೇಚರ್ ಕಮ್ಮಿ ಮಾಡ್ಬೋದಾ?

ಬರೀ ವಯಸ್ಸಾದವ್ರೇ ಇರೋ ಬಿಲ್ಡಿಂಗು, ಮೇಂಟೆನೆನ್ಸ್ ಈಗ ನನ್ ಜವಾಬ್ದಾರಿ. ಬಾತ್‌ರೂಮಲ್ಲಿ ನೀರು ಮೈ ಸುಡೋಷ್ಟು ಬಿಸಿ ಬರುತ್ತೆ ಅಂತ ಕಂಪ್ಲೇಂಟು, ಅದಕ್ಕೆ ಬಾಯ್ಲರ್‌ನ 45 ಡಿಗ್ರಿಗೆ ಇಳಿಸಿಬಿಡೋಣ ಅಂತಿದಾರೆ ಕಮಿಟಿಯವ್ರು. ಸರಿನಾ? ಇನ್ನೇನು ಚೆಕ್ ಮಾಡ್ತಿರ್ಬೇಕು?

ಉತ್ತರ 1
ದಯವಿಟ್ಟು ಇಳಿಸ್ಬೇಡಿ. 20ರಿಂದ 45 ಡಿಗ್ರಿ ಅಂದ್ರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯೋಕೆ ಹೇಳಿ ಮಾಡ್ಸಿದ ಜಾಗ, ಶವರ್ ಹನಿ ಉಸಿರಲ್ಲಿ ಒಳಗ್ ಹೋದ್ರೆ ನ್ಯುಮೋನಿಯಾ ಬರ್ಬೋದು, ಈ ವಯಸ್ಸಲ್ಲಿ ಅದು ಜೀವಕ್ಕೇ ಅಪಾಯ. ಟ್ಯಾಂಕಲ್ಲಿ 60 ಡಿಗ್ರಿ ಇರ್ಲಿ, ಶವರ್ ಹತ್ರ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ (ಬಿಸಿನೀರಿಗೆ ತಣ್ಣೀರು ಬೆರೆಸಿ ಒಂದೇ ಟೆಂಪರೇಚರಲ್ಲಿ ಬಿಡೋ ವಾಲ್ವ್) ಹಾಕ್ಸಿ 41 ಡಿಗ್ರಿ ಆಸುಪಾಸಿಗೆ ಸೆಟ್ ಮಾಡ್ಸಿ. ಖಾಲಿ ರೂಮಿನ ನಲ್ಲಿಗಳನ್ನ ವಾರಕ್ಕೊಂದ್ಸಲನಾದ್ರೂ ಬಿಟ್ಟು ನಿಂತ ನೀರು ಹರಿಸ್ಲೇಬೇಕು, ಇದನ್ನ ಯಾರೂ ನೆನಪಿಟ್ಕೊಳಲ್ಲ.

ಉತ್ತರ 2
ಬಾತ್‌ರೂಮಿನ ಎಮರ್ಜೆನ್ಸಿ ಬೆಲ್ ದಾರ ನೋಡಿ. ಅದು ನೆಲದ ತನಕ ಇಳಿಬಿದ್ದಿರ್ಬೇಕು, ಬಿದ್ದವ್ರು ಮಲ್ಗಿದ್ದಲ್ಲಿಂದಲೇ ಎಳೀಬೇಕಲ್ವಾ, ಆದ್ರೆ ನೆಲ ಒರೆಸೋವಾಗ ಅಡ್ಡ ಬರುತ್ತೆ ಅಂತ ಗಂಟು ಹಾಕಿ ಮೇಲೆ ಕಟ್ಟಿರ್ತಾರೆ, ಕಂಡ ತಕ್ಷಣ ಬಿಚ್ಚಿಸಿ. ಎಳೆದು ನೋಡಿ, ಬೆಲ್ ಆದ್ರೆ ಸಾಲ್ದು, ಯಾರಾದ್ರೂ ಬರ್ತಾರಾ ಅನ್ನೋದೂ ಟೆಸ್ಟೇ. ಗ್ರಾಬ್ ಬಾರ್ (ಬೀಳದ ಹಾಗೆ ಹಿಡ್ಕೊಳೋಕೆ ಗೋಡೆಗೆ ಹಾಕೋ ಕಂಬಿ) ಸ್ಕ್ರೂ ಬರೀ ಟೈಲ್ಸ್‌ಗೆ ಕೂತಿದ್ರೆ ಭಾರ ತಡಿಯಲ್ಲ, ಗೋಡೆ ಒಳಗಿನ ತನಕ ಹೋಗಿರ್ಬೇಕು.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ವಾಲ್ವ್ ಹಾಕ್ಸಿದ್ಮೇಲೆ ಅದನ್ನೂ ಚೆಕ್ ಮಾಡ್ಬೇಕಾ?

ಉತ್ತರ 1
ಹೌದು, ಗಡಸು ನೀರಾದ್ರೆ ಸುಣ್ಣ ಕಟ್ಟಿ ವಾಲ್ವ್ ಜಾಮ್ ಆಗುತ್ತೆ. ಆಗಾಗ ಶವರ್ ನೀರಿಗೆ ಥರ್ಮಾಮೀಟರ್ ಹಿಡಿದು ರಿಜಿಸ್ಟರಲ್ಲಿ ಬರೀರಿ, ಕೈಯಲ್ಲಿ ಮುಟ್ಟಿ ನೋಡೋದು ಬೇಡ.