ಫ್ಲೈಯಿಂಗ್ ಫಿನಿಶ್‌ನಲ್ಲಿ ಒಂದೇ ಕಾರಿಗೆ ಎರಡು ಟೈಮ್ ಬರುತ್ತಿದೆ

ಶಿರಾ ಹುಡುಗ:
ನಮಸ್ಕಾರ. ಹೋದ ಭಾನುವಾರ ಶಿರಾ ಹತ್ತಿರ ಗೆಳೆಯರ ತೋಟದ ಮಣ್ಣುದಾರಿಯಲ್ಲಿ ರ‍್ಯಾಲಿ ಅಭ್ಯಾಸ ಇಟ್ಟುಕೊಂಡಿದ್ದೆವು. ಎರಡು ನಿಮಿಷಕ್ಕೊಂದು ಕಾರು. ಫ್ಲೈಯಿಂಗ್ ಫಿನಿಶ್‌ನಲ್ಲಿ, ಅಂದ್ರೆ ಕಾರು ನಿಲ್ಲದೆ ವೇಗದಲ್ಲೇ ದಾಟುವ ಕೊನೆಯ ಗೆರೆಯಲ್ಲಿ, ಕೂತಿದ್ದು ನಾನು. ದಾರಿಗೆ ಅಡ್ಡ ಬಿಟ್ಟ ಬೆಳಕು (ಬೀಮ್) ಕಡಿದಾಗ ಟೈಮ್ ಹೊಡೆಯುವ ಸೆನ್ಸರ್‌ಗೆ ಪ್ರಿಂಟರ್ ಜೋಡಿಸಿತ್ತು. ನಾಲ್ಕನೇ ಕಾರಿಗೆ 10:42:17.3 ಅಂತ ಬಂತು, ಕೆಳಗೇ 10:42:17.4. ಆರನೇ ಕಾರಿಗೂ ಎರಡು, ನಡುವೆ ಎರಡು ಸೆಕೆಂಡ್ ಅಂತರ. ಏಳನೇ ಕಾರಿಗೆ ಏನೂ ಬರಲೇ ಇಲ್ಲ. ಸೆನ್ಸರ್ ಕೆಟ್ಟಿದೆಯಾ?

ಕೆಂಪು ಧೂಳು, ತುಮಕೂರು:
ಸೆನ್ಸರ್ ಚೆನ್ನಾಗೇ ಇದೆ ತಮ್ಮಾ. ಗಂಟೆಗೆ 90 ಕಿ.ಮೀ. ಅಂದ್ರೆ ಸೆಕೆಂಡಿಗೆ 25 ಮೀಟರ್. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಸುಮಾರು ಎರಡೂವರೆ ಮೀಟರ್. ನಿನ್ನ 0.1 ಸೆಕೆಂಡ್ ಅಲ್ಲೇ ಸಿಕ್ತು ನೋಡು. ಬೀಮ್ ತೀರಾ ಕೆಳಗಿದೆ. ಮುಂದಿನ ಚಕ್ರ ದಾಟಿದ ಮೇಲೆ ಕಾರಿನ ಅಡಿಯಿಂದ ಬೆಳಕು ತೂರಿ, ಹಿಂದಿನ ಚಕ್ರ ಅದನ್ನು ಮತ್ತೆ ತಡೆದಿದೆ. ಬಂಪರ್ ಎತ್ತರಕ್ಕೆ ಏರಿಸು. ಮೊದಲು ಬಂದ ಟೈಮೇ ಲೆಕ್ಕ.

ಆರನೆಯದು ಧೂಳು. ನಮ್ಮ ಕಡೆ ಕೆಂಪು ಮಣ್ಣು ಗಾಳಿ ಇಲ್ಲದ ಹೊತ್ತಲ್ಲಿ ಎದ್ದರೆ ಬೇಗ ಕೂರಲ್ಲ. ಯಂತ್ರದಲ್ಲಿ ಲಾಕ್‌ಔಟ್ (ಒಂದು ಟೈಮ್ ಹೊಡೆದ ಮೇಲೆ ಸ್ವಲ್ಪ ಹೊತ್ತು ಮತ್ತೆ ಹೊಡೆಯದಂತೆ ತಡೆಯೋದು) ಇದ್ದರೆ ಹತ್ತು ಸೆಕೆಂಡ್ ಇಡು, ಎರಡು ನಿಮಿಷದ ಅಂತರದಲ್ಲಿ ಏನೂ ನಷ್ಟವಿಲ್ಲ. ಏಳನೇ ಕಾರು ಬರುವಾಗ ಧೂಳು ಬೀಮನ್ನು ಮೊದಲೇ ಮುಚ್ಚಿರಬೇಕು. ಬೆಳಕು ಹೊಸದಾಗಿ ಕಡಿದರೆ ಮಾತ್ರ ಅದು ಟೈಮ್ ಹೊಡೆಯುತ್ತೆ. ಅದಕ್ಕೇ ಪ್ರಿಂಟರ್ ಇದ್ದರೂ ಸ್ಟಾಪ್‌ವಾಚ್ ಇರಲೇಬೇಕು ಅನ್ನೋದು. ಯಾರಾದರೂ ಒತ್ತಿದ್ದರಾ?

ಶಿರಾ ಹುಡುಗ:
ಪಕ್ಕದಲ್ಲಿ ಅಣ್ಣ ಒತ್ತುತ್ತಿದ್ದ. ನಾನು ಅದನ್ನು ಸುಮ್ನೆ ಅಂದುಕೊಂಡಿದ್ದೆ.

ಕೆಂಪು ಧೂಳು, ತುಮಕೂರು:
ಅಣ್ಣ ಟೈಮ್ ಬರೆದ ಚೀಟಿ ಜೋಪಾನ. ಆದರೆ ಮೊದಲು ನಾಲ್ಕನೇ, ಐದನೇ ಕಾರಿಗೆ ಪ್ರಿಂಟರ್ ಟೈಮನ್ನೂ ಅಣ್ಣನ ಟೈಮನ್ನೂ ಹೋಲಿಸು. ಅಣ್ಣ ಪ್ರತಿ ಸಲ 0.2 ಸೆಕೆಂಡ್ ತಡ ಒತ್ತಿದ್ದರೆ ಏಳನೆಯದರಲ್ಲೂ ಅಷ್ಟು ಕಳೆ. ಒತ್ತುವವರು ಗೆರೆಗೆ ಸರಿಯಾಗಿ ನಿಂತು ಎದುರಿನ ಕಂಬವನ್ನೇ ನೋಡಬೇಕು. ಕಾರಿನ ಹಿಂದೆ ಕಣ್ಣು ಹೋದರೆ ಬೆರಳು ತಪ್ಪುತ್ತೆ.

ಇನ್ನೊಂದು, ಕಾರು ನಿಲ್ಲಿಸಿ ಟೈಮ್ ಕಾರ್ಡ್ ಬರೆಯುವ ಸ್ಟಾಪ್ ಮೇಜು ಗೆರೆಯಿಂದ ಎಷ್ಟು ದೂರ ಇಟ್ಟಿದ್ದಿರಿ?

ಶಿರಾ ಹುಡುಗ:
ಸುಮಾರು 40 ಮೀಟರ್. ಟೈಮ್ ಕೂಗಿ ಹೇಳುತ್ತಿದ್ದೆ.

ಕೆಂಪು ಧೂಳು, ತುಮಕೂರು:
ಬೇಡ, ಇದನ್ನು ಮಾತ್ರ ದಯವಿಟ್ಟು ಬದಲಿಸು. ಎಫ್‌ಐಎ (ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಮೇಜು ಫಿನಿಶ್ ಗೆರೆಯಿಂದ ನೂರಾರು ಮೀಟರ್ ದೂರ ಇರಬೇಕು. ಗೆರೆ ದಾಟುವವರೆಗೂ ಕಾರು ಪೂರ್ತಿ ವೇಗದಲ್ಲೇ ಇರುತ್ತೆ. ಜಲ್ಲಿಯ ಮೇಲೆ ಬ್ರೇಕ್ ಹಿಡಿಯದಿದ್ದರೆ ಮೇಜಿನ ಹಿಂದೆ ಕೂತವರ ಗತಿ ಏನು? ಟೈಮನ್ನು ವಾಕಿಟಾಕಿಯಲ್ಲಿ ಹೇಳಿ, ಕಾರಿನ ನಂಬರ್ ಮೊದಲು. ‘ಫಿಫ್ಟೀನ್’ ‘ಫಿಫ್ಟಿ’ ಬೇಡ, ‘ಒಂದು ಐದು’ ಅಂತ ಬಿಡಿಬಿಡಿಯಾಗಿ. ಆ ಕಡೆಯವರು ತಿರುಗಿ ಓದಿದ ಮೇಲೇ ಕಾರ್ಡಿಗೆ ಬರೆಯಲಿ.

ಶಿರಾ ಹುಡುಗ:
ಅಣ್ಣನ ಚೀಟಿ ಸಿಕ್ಕಿತು, ಎರಡೂ ಕಾರಿಗೆ 0.2 ತಡವೇ ಇದೆ. ಏಳನೇ ಕಾರಿನವರಿಗೆ ಈಗಲೇ ಫೋನ್ ಮಾಡುತ್ತೇನೆ. ಮುಂದಿನ ಸಲ ಮೇಜು ಹುಣಸೆ ಮರದ ಆಚೆ, ಅಳೆದು 200 ಮೀಟರ್.