ನೆಬ್ರಾಸ್ಕಾದ ಸಣ್ಣ ಆಸ್ಪತ್ರೆಗೆ ಮೂರು ತಿಂಗಳ ಟ್ರಾವೆಲ್ ನರ್ಸ್ ಆಗಿ ಹೋಗುವ ಮುನ್ನ: ಪ್ರಶ್ನೋತ್ತರ

ಪ್ರಶ್ನೆ:
ಮೇಡಂ, ನಮಸ್ಕಾರ. ನಾನು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ದೊಡ್ಡ ಆಸ್ಪತ್ರೆಯೊಂದರ ಐಸಿಯು ನರ್ಸ್. ಗ್ರೀನ್ ಕಾರ್ಡ್ ಇದೆ. ಪಶ್ಚಿಮ ನೆಬ್ರಾಸ್ಕಾದ ಒಂದು ಕ್ರಿಟಿಕಲ್ ಆಕ್ಸೆಸ್ ಆಸ್ಪತ್ರೆಯಲ್ಲಿ 13 ವಾರಗಳ ಕೆಲಸವಿದೆ ಎಂದು ಏಜೆನ್ಸಿಯ ರಿಕ್ರೂಟರ್ ತಿಳಿಸಿದ್ದಾರೆ. ವಾರಕ್ಕೆ 12 ಗಂಟೆಗಳ ಮೂರು ಶಿಫ್ಟ್. ತೆರಿಗೆ ಕಟ್ಟಬೇಕಾದ ಸಂಬಳ ಗಂಟೆಗೆ 30 ಡಾಲರ್, ಅದರ ಮೇಲೆ ವಸತಿ ಮತ್ತು ಊಟದ ಬಾಬ್ತು ತೆರಿಗೆಯಿಲ್ಲದ ಸ್ಟೈಪೆಂಡ್ ವಾರಕ್ಕೆ 900 ಡಾಲರ್, ಒಟ್ಟು 1,980 ಡಾಲರ್. ಹಳ್ಳಿಗಾಡಾದ್ದರಿಂದ ಬಾಡಿಗೆ ಬಹಳ ಕಡಿಮೆ, ಸ್ಟೈಪೆಂಡಿನ ಬಹುಪಾಲು ಉಳಿಯುತ್ತದೆ ಎಂದು ಅವರು ಹೇಳುತ್ತಾರೆ. ನನ್ನ ಯಜಮಾನರು ಮತ್ತು ಮಗಳು ಕೊಲಂಬಸ್‌ನ ಮನೆಯಲ್ಲಿಯೇ ಇರುತ್ತಾರೆ. ಒಪ್ಪಿಕೊಳ್ಳುವ ಮೊದಲು ಏನನ್ನೆಲ್ಲ ವಿಚಾರಿಸಬೇಕು?

ಉತ್ತರ:
ನಮಸ್ಕಾರ. ಹಣದ ಲೆಕ್ಕಕ್ಕೆ ಆಮೇಲೆ ಬರೋಣ. ಮೊದಲು ವಿಚಾರಿಸಬೇಕಾದದ್ದು ಆಸ್ಪತ್ರೆ ಹೇಗೆ ನಡೆಯುತ್ತದೆ ಎಂಬುದನ್ನು, ಏಕೆಂದರೆ ದೊಡ್ಡ ಆಸ್ಪತ್ರೆಯಿಂದ ಹೋಗುವ ಐಸಿಯು ನರ್ಸ್‌ಗೆ ಅಲ್ಲಿ ಕಷ್ಟವಾಗುವುದು ಕೆಲಸದ ಹೊರೆಯಿಂದಲ್ಲ, ಪಕ್ಕದಲ್ಲಿ ಯಾರೂ ಇಲ್ಲದಿರುವುದರಿಂದ. ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳಿಗಾಗಿ ಕ್ರಿಟಿಕಲ್ ಆಕ್ಸೆಸ್ ಎಂಬ ವರ್ಗವನ್ನು 1997ರ ಬ್ಯಾಲೆನ್ಸ್ಡ್ ಬಜೆಟ್ ಕಾಯ್ದೆಯ ಮೂಲಕ ರೂಪಿಸಲಾಯಿತು. ಇಂತಹ ಆಸ್ಪತ್ರೆಯಲ್ಲಿ ಒಳರೋಗಿಗಳಿಗೆ 25ಕ್ಕಿಂತ ಹೆಚ್ಚು ಹಾಸಿಗೆಗಳಿರುವಂತಿಲ್ಲ, ರೋಗಿಗಳು ಉಳಿಯುವ ಅವಧಿಯ ವಾರ್ಷಿಕ ಸರಾಸರಿ 96 ಗಂಟೆಗಳನ್ನು ಮೀರುವಂತಿಲ್ಲ, ತುರ್ತು ಚಿಕಿತ್ಸೆ ಮಾತ್ರ ಹಗಲಿರುಳೂ ಲಭ್ಯವಿರಬೇಕು. ಸಾಮಾನ್ಯ ನಿಯಮದಂತೆ ಮುಂದಿನ ಆಸ್ಪತ್ರೆ 35 ಮೈಲಿಗಳಿಗಿಂತ ಹೆಚ್ಚು ದೂರದಲ್ಲಿರಬೇಕು, ಆದರೆ ಅದರಿಂದ ವಿನಾಯಿತಿ ಪಡೆದ ಆಸ್ಪತ್ರೆಗಳೂ ಬಹಳಷ್ಟಿವೆ. ಹಲವು ಕಡೆ ಪ್ರತ್ಯೇಕ ಐಸಿಯು ಇರುವುದೇ ಇಲ್ಲ.

ರಾತ್ರಿ ಪಾಳಿಯಲ್ಲಿ ಕಟ್ಟಡದೊಳಗೆ ವೈದ್ಯರು ಇರಲೇಬೇಕೆಂಬ ನಿಯಮವಿಲ್ಲ. ಕರೆ ಹೋದ ಮೇಲೆ ವೈದ್ಯರೋ ನರ್ಸ್ ಪ್ರಾಕ್ಟೀಷನರೋ ಫಿಸಿಶಿಯನ್ ಅಸಿಸ್ಟೆಂಟೋ 30 ನಿಮಿಷಗಳೊಳಗೆ ಬರಬೇಕು, ಜನವಸತಿ ತೀರಾ ವಿರಳವಾದ ಪ್ರದೇಶಗಳಲ್ಲಿ ಕೆಲವು ಷರತ್ತುಗಳೊಡನೆ 60 ನಿಮಿಷಗಳವರೆಗೂ ಅವಕಾಶವಿದೆ. ಆ ಅರ್ಧ ಗಂಟೆಯನ್ನು ನಿಭಾಯಿಸಬೇಕಾದವರು ನೀವು ಮತ್ತು ಇನ್ನೊಬ್ಬ ನರ್ಸ್. ಆ ಹೊತ್ತಿನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್, ಫಾರ್ಮಸಿಸ್ಟ್, ಲ್ಯಾಬ್ ಸಿಬ್ಬಂದಿ ತಮ್ಮ ಮನೆಯಲ್ಲಿರಬಹುದು. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸೋಣವೆಂದರೆ ಹಿಮಗಾಳಿಯ ದಿನ ಹೆಲಿಕಾಪ್ಟರ್ ಹಾರುವುದಿಲ್ಲ, ಆಂಬುಲೆನ್ಸ್ ಬೇರೊಂದು ಕರೆಗೆ ಹೋಗಿರುತ್ತದೆ, ಆಗ ವೆಂಟಿಲೇಟರ್ ಮೇಲಿರುವ ರೋಗಿಯನ್ನು ಗಂಟೆಗಟ್ಟಲೆ ನೀವೇ ನೋಡಿಕೊಳ್ಳಬೇಕಾಗುತ್ತದೆ. ಅಂತಹ ಹೊತ್ತಿನಲ್ಲಿ ನಿಮ್ಮ ಐಸಿಯು ಅನುಭವ ಆ ಊರಿಗೆ ದೊಡ್ಡ ಆಸರೆ. ಆದರೆ ಅದೇ ಪಾಳಿಯಲ್ಲಿ ಉಬ್ಬಸದ ಮಗುವೊಂದು ಬರಬಹುದು, ಹೆರಿಗೆ ನೋವಿನ ಮಹಿಳೆ ಬರಬಹುದು. ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗವನ್ನು ಮುಚ್ಚಿದ್ದರೂ ಬಂದವರನ್ನು ಪರೀಕ್ಷಿಸಿ ಸ್ಥಿರಗೊಳಿಸುವ ಹೊಣೆ 1986ರ ಎಂಟಾಲಾ ಕಾಯ್ದೆಯ ಪ್ರಕಾರ ತಪ್ಪುವುದಿಲ್ಲ. ಆದ್ದರಿಂದ ವಯಸ್ಕರ ಹೃದಯ ತುರ್ತು ಚಿಕಿತ್ಸೆಯ ಎಸಿಎಲ್‌ಎಸ್ ಒಂದೇ ಸಾಕೆಂದುಕೊಳ್ಳದೆ ಮಕ್ಕಳ ಪಿಎಎಲ್‌ಎಸ್, ನವಜಾತ ಶಿಶುಗಳ ಎನ್‌ಆರ್‌ಪಿ, ಅಪಘಾತ ಚಿಕಿತ್ಸೆಯ ಟಿಎನ್‌ಸಿಸಿ ತರಬೇತಿಗಳನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಸಂದರ್ಶನ ಬಹುತೇಕ ಫೋನಿನಲ್ಲಿ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಅವರಷ್ಟೇ ನೀವೂ ಪ್ರಶ್ನೆ ಕೇಳಬೇಕು. ರಾತ್ರಿ ಎಷ್ಟು ಮಂದಿ ನರ್ಸ್‌ಗಳಿರುತ್ತಾರೆ, ಎಮರ್ಜೆನ್ಸಿ ವಿಭಾಗವನ್ನೂ ವಾರ್ಡನ್ನೂ ಒಬ್ಬರೇ ನೋಡಬೇಕೇ, ದೂರದ ಐಸಿಯು ತಜ್ಞರೊಂದಿಗೆ ವಿಡಿಯೊ ಮೂಲಕ ಮಾತನಾಡುವ ವ್ಯವಸ್ಥೆ ಇದೆಯೇ, ರಕ್ತದ ದಾಸ್ತಾನು ಎಷ್ಟು, ಓರಿಯೆಂಟೇಶನ್ ಎಷ್ಟು ಶಿಫ್ಟ್ ಎಂದು ಮ್ಯಾನೇಜರ್ ಅವರನ್ನೇ ಕೇಳಿ. ಓರಿಯೆಂಟೇಶನ್ ಒಂದೇ ಶಿಫ್ಟ್ ಇರುವುದು ಸಾಮಾನ್ಯ, ಆದರೆ ಎಮರ್ಜೆನ್ಸಿ ಅನುಭವವಿಲ್ಲದವರಿಗೆ ಅದು ಸಾಲದು, ಎರಡನೆಯದನ್ನು ಕೇಳಿ ಪಡೆಯಿರಿ. ಈ ಪ್ರಶ್ನೆಗಳಿಗೆ ಮ್ಯಾನೇಜರ್ ನೇರವಾಗಿ ಉತ್ತರಿಸದಿದ್ದರೆ ಸಂಬಳ ಎಷ್ಟೇ ಇರಲಿ, ಆ ಕೆಲಸವನ್ನು ಬಿಟ್ಟುಬಿಡುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ.

ಇನ್ನು ಬಾಡಿಗೆಯ ವಿಷಯ. ಹಳ್ಳಿಗಾಡಿನಲ್ಲಿ ಬಾಡಿಗೆ ಕಡಿಮೆ ಎಂಬುದು ಒಂದು ವರ್ಷದ ಕರಾರಿಗೆ ಸಿಗುವ ಖಾಲಿ ಮನೆಯ ಮಟ್ಟಿಗೆ ನಿಜ. ನಿಮಗೆ ಬೇಕಾಗಿರುವುದು ಮಂಚ, ಪಾತ್ರೆ, ಇಂಟರ್ನೆಟ್ ಸಹಿತ ಮೂರೇ ತಿಂಗಳಿಗೆ ಸಿಗುವ ಮನೆ, ಅಂತಹವು ಆ ಊರಿನಲ್ಲಿ ಬೆರಳೆಣಿಕೆಯಷ್ಟಿರುತ್ತವೆ. ರಸ್ತೆ, ರೈಲು, ಗಾಳಿಯಂತ್ರಗಳ ಕೆಲಸಕ್ಕೆ ಬಂದ ತಂಡಗಳು, ಬೇಟೆಯ ಋತುವಿನಲ್ಲಿ ಬೇಟೆಗಾರರು ಅವುಗಳಿಗೇ ಮುಗಿಬೀಳುತ್ತಾರೆ. ರಾಜ್ಯದ ಮಧ್ಯಭಾಗದ ಕಾರ್ನಿ ಸುತ್ತಮುತ್ತ ಮಾರ್ಚ್ ತಿಂಗಳಿನಲ್ಲಿ ಪ್ಲ್ಯಾಟ್ ನದಿಗೆ ಬರುವ ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳನ್ನು ನೋಡಲು ಜನ ಸೇರುವುದರಿಂದ ಹೋಟೆಲ್ ಕೋಣೆ ಸಿಗುವುದೂ ಕಷ್ಟ. ಆದ್ದರಿಂದ ಸಹಿ ಹಾಕುವ ಮೊದಲೇ ನಿಜವಾಗಿ ಖಾಲಿ ಇರುವ ಒಂದು ಮನೆಯ ಬಾಡಿಗೆಯನ್ನು ತಿಳಿದು, ಆ ಅಂಕಿಯನ್ನಿಟ್ಟುಕೊಂಡು ಲೆಕ್ಕ ಹಾಕಿ. ಫರ್ನಿಶ್ಡ್ ಫೈಂಡರ್ ತಾಣದಲ್ಲಿ ನೋಡಿ, ಅದಕ್ಕಿಂತ ಮುಖ್ಯವಾಗಿ ಆಸ್ಪತ್ರೆಯ ಎಚ್‌ಆರ್ ವಿಭಾಗವನ್ನು ಕೇಳಿ, ಏಕೆಂದರೆ ಹಿಂದಿನ ಟ್ರಾವೆಲ್ ನರ್ಸ್ ಎಲ್ಲಿ ಉಳಿದಿದ್ದರೆಂಬುದು ಅವರಿಗೆ ಗೊತ್ತಿರುತ್ತದೆ, ಕೆಲವು ಆಸ್ಪತ್ರೆಗಳು ತಮ್ಮದೇ ಮನೆಗಳನ್ನೂ ಇಟ್ಟುಕೊಂಡಿರುತ್ತವೆ. ಮನೆ ನೋಡದೆ ಮುಂಗಡ ಕಳುಹಿಸಬೇಡಿ.

ಹಣದ ವಿಷಯದಲ್ಲಿ ಎರಡು ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಮೊದಲನೆಯದು ಖಾತರಿ ಗಂಟೆಗಳು, ಅಂದರೆ ಆಸ್ಪತ್ರೆ ಶಿಫ್ಟ್ ರದ್ದು ಮಾಡಿದರೂ ಹಣ ಸಿಗುವ ಗಂಟೆಗಳು. ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳ ಸಂಖ್ಯೆ ದಿಢೀರನೆ ಇಳಿಯುತ್ತದೆ, ಆಗ ಮೊದಲು ಮನೆಯಲ್ಲಿರಿ ಎನ್ನುವುದು ಹೊರಗಿನಿಂದ ಬಂದ ನರ್ಸ್‌ಗೆ. ಒಂದು ಶಿಫ್ಟ್ ರದ್ದಾದಾಗ ಸಂಬಳದೊಡನೆ ಸ್ಟೈಪೆಂಡಿನ ಮೂರನೆಯ ಒಂದು ಭಾಗವನ್ನೂ ಕಡಿತ ಮಾಡುವ ಒಪ್ಪಂದವಿದ್ದರೆ, ನಿಮ್ಮ ಲೆಕ್ಕದಲ್ಲಿ ಒಂದೇ ದಿನಕ್ಕೆ 660 ಡಾಲರ್ ಹೋಗುತ್ತದೆ, ಬಾಡಿಗೆಯಂತೂ ನಿಲ್ಲುವುದಿಲ್ಲ. ಎರಡನೆಯದು ಓವರ್‌ಟೈಮ್. ನಿಮಗೆ ಬರುವ 1,980 ಡಾಲರನ್ನು 36 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 55 ಡಾಲರ್ ಆಗುತ್ತದೆ. ಆದರೆ 40 ಗಂಟೆ ಮೀರಿದ ಮೇಲಿನ ಒಂದೂವರೆ ಪಟ್ಟನ್ನು 30 ಡಾಲರಿನ ಮೇಲೆ ಹಾಕಿದರೆ ಸಿಗುವುದು 45 ಡಾಲರ್, ಅದಕ್ಕೂ ತೆರಿಗೆ ಇದೆ. ಹೆಚ್ಚುವರಿ ಶಿಫ್ಟ್ ಮಾಡಿ ಹಣ ಕೂಡಿಸುವ ಯೋಚನೆ ನಿಮಗಿದ್ದರೆ ಆ ದರವನ್ನು ಈಗಲೇ ಮಾತನಾಡಿ ಹೆಚ್ಚಿಸಿಕೊಳ್ಳಬೇಕು.

ಪ್ರಶ್ನೆ:
ಧನ್ಯವಾದಗಳು ಮೇಡಂ. ಸ್ಟೈಪೆಂಡಿಗೆ ತೆರಿಗೆ ಇಲ್ಲ ಎಂಬುದನ್ನು ರಿಕ್ರೂಟರ್ ಹೇಳಿದಂತೆಯೇ ನಂಬಬಹುದೇ? ನೆಬ್ರಾಸ್ಕಾಕ್ಕೆ ಬೇರೆ ಪರವಾನಗಿ ಬೇಕೇ?

ಉತ್ತರ:
ಸ್ಟೈಪೆಂಡಿಗೆ ತೆರಿಗೆ ಇಲ್ಲದಿರುವುದು ನಿಮಗೆ ಟ್ಯಾಕ್ಸ್ ಹೋಮ್, ಅಂದರೆ ತೆರಿಗೆಯ ಲೆಕ್ಕಕ್ಕೆ ಒಪ್ಪುವ ಕಾಯಂ ನೆಲೆ, ಇದ್ದರೆ ಮಾತ್ರ. ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್ ಮೂರು ಸಂಗತಿಗಳನ್ನು ನೋಡುತ್ತದೆ: ಮನೆಯಿರುವ ಊರಿನಲ್ಲಿಯೂ ನಿಮ್ಮ ದುಡಿಮೆಯ ಒಂದು ಭಾಗ ನಡೆಯುತ್ತದೆಯೇ, ಹೊರಗೆ ಉಳಿದಾಗ ಎರಡು ಕಡೆಯ ವಾಸದ ಖರ್ಚು ನಿಜವಾಗಿ ನಿಮ್ಮ ಮೇಲೆ ಬೀಳುತ್ತದೆಯೇ, ಆ ಊರಿನ ನಂಟನ್ನು ನೀವು ಉಳಿಸಿಕೊಂಡಿದ್ದೀರಾ. ಮೂರೂ ಇದ್ದರೆ ಅನುಮಾನವಿಲ್ಲ, ಎರಡಿದ್ದರೆ ಸಂದರ್ಭ ನೋಡಿ ನಿರ್ಧರಿಸಲಾಗುತ್ತದೆ, ಒಂದೇ ಇದ್ದರೆ ನೀವು ಅಲೆಮಾರಿ ಉದ್ಯೋಗಿ ಎಂದಾಗುತ್ತದೆ ಮತ್ತು ಸ್ಟೈಪೆಂಡ್ ಪೂರ್ತಿ ಆದಾಯವೆನಿಸುತ್ತದೆ. ನಿಮ್ಮ ಕುಟುಂಬ ಕೊಲಂಬಸ್‌ನಲ್ಲಿ ಇರುವುದರಿಂದ ಎರಡನೆಯದೂ ಮೂರನೆಯದೂ ಗಟ್ಟಿಯಾಗಿವೆ. ಈಗಿನ ಆಸ್ಪತ್ರೆಯನ್ನು ಪೂರ್ತಿ ಬಿಡದೆ, ಅಗತ್ಯ ಬಿದ್ದಾಗ ಮಾತ್ರ ಕರೆಯುವ ಪಿಆರ್‌ಎನ್ ಹುದ್ದೆಯಲ್ಲಿ ಹೆಸರು ಉಳಿಸಿಕೊಂಡು, ಬಂದಾಗ ಕೆಲವು ಶಿಫ್ಟ್ ಮಾಡಿದರೆ ಮೊದಲನೆಯದೂ ಕೂಡಿಬರುತ್ತದೆ. ಮನೆಯಿಂದ 50 ಮೈಲಿ ದೂರವಿದ್ದರೆ ಸಾಕು ಎಂಬ ಮಾತನ್ನು ಅನೇಕರು ಹೇಳುತ್ತಾರೆ. ಐಆರ್‌ಎಸ್‌ನಲ್ಲಿ ಅಂತಹ ನಿಯಮವಿಲ್ಲ, ಕೆಲಸದ ಸಲುವಾಗಿ ಅಲ್ಲಿಯೇ ಮಲಗಿ ವಿಶ್ರಮಿಸಬೇಕಾದ ಅಗತ್ಯ ಇದೆಯೇ ಎಂಬುದೇ ಪ್ರಶ್ನೆ.

ಸ್ಟೈಪೆಂಡಿಗೆ ಮೇಲ್ಮಿತಿಯೂ ಇದೆ. ಪ್ರತ್ಯೇಕ ದರ ನಿಗದಿಯಾಗದ ಊರುಗಳಿಗೆ ಕೇಂದ್ರ ಸರ್ಕಾರದ ಜಿಎಸ್‌ಎ ಎಂಬ ಸಂಸ್ಥೆ ಗೊತ್ತುಪಡಿಸಿರುವ ಸಾಮಾನ್ಯ ದರ 2025ರ ಹಣಕಾಸು ವರ್ಷದಲ್ಲಿ ದಿನಕ್ಕೆ ವಸತಿಗೆ 110 ಡಾಲರ್, ಊಟ ಮತ್ತು ಸಣ್ಣಪುಟ್ಟ ಖರ್ಚಿಗೆ 68 ಡಾಲರ್, ಅಂದರೆ ವಾರಕ್ಕೆ 1,246 ಡಾಲರ್. ನಿಮ್ಮ 900 ಅದರೊಳಗೇ ಇದೆ. ಇದನ್ನು ಹೆಚ್ಚಿಸಿ ಗಂಟೆಯ ಸಂಬಳವನ್ನು ಇಳಿಸೋಣ ಎಂದು ರಿಕ್ರೂಟರ್ ಹೇಳಿದರೆ ಒಪ್ಪಬೇಡಿ. ನರ್ಸ್‌ಗೆ ಸಲ್ಲಬೇಕಾದ ಸಂಬಳವನ್ನೇ ಸ್ಟೈಪೆಂಡ್ ಎಂದು ತೋರಿಸಿರುವಂತೆ ಕಂಡರೆ ಐಆರ್‌ಎಸ್ ತಕರಾರು ತೆಗೆಯುತ್ತದೆ, ಜೊತೆಗೆ ಸ್ಟೈಪೆಂಡ್ ಸಂಬಳವಲ್ಲವಾದ್ದರಿಂದ ಸೋಶಿಯಲ್ ಸೆಕ್ಯೂರಿಟಿ ಪಿಂಚಣಿಯ ಲೆಕ್ಕಕ್ಕೂ ಅದು ಸೇರುವುದಿಲ್ಲ, ಮುಂದೆ ಮನೆ ಸಾಲಕ್ಕೆ ಅರ್ಜಿ ಹಾಕುವಾಗ ಬ್ಯಾಂಕ್ ಅದನ್ನು ಆದಾಯವೆಂದು ಒಪ್ಪದಿರಬಹುದು. ಏಜೆನ್ಸಿ ಕೊಡದ ಖರ್ಚನ್ನು ನಿಮ್ಮ ತೆರಿಗೆ ಲೆಕ್ಕದಲ್ಲಿ ಕಳೆಯಲು 2018ರಿಂದ ಅವಕಾಶವಿಲ್ಲ ಎಂಬುದೂ ನೆನಪಿರಲಿ. ಸಂಬಳದ ಮೇಲೆ ನೆಬ್ರಾಸ್ಕಾ ರಾಜ್ಯದ ತೆರಿಗೆ ಬೀಳುತ್ತದೆ, ಓಹಾಯೋದ ಲೆಕ್ಕದಲ್ಲಿ ಅದಕ್ಕೆ ಕ್ರೆಡಿಟ್ ಸಿಗುತ್ತದೆ, ಆದ್ದರಿಂದ ಎರಡೂ ರಾಜ್ಯಗಳ ರಿಟರ್ನ್ ಸಲ್ಲಿಸಬೇಕು.

ಪರವಾನಗಿಯ ಮಟ್ಟಿಗೆ ಚಿಂತೆ ಕಡಿಮೆ. ಒಂದೇ ಪರವಾನಗಿಯಿಂದ ಹಲವು ರಾಜ್ಯಗಳಲ್ಲಿ ಕೆಲಸ ಮಾಡಲು ಬಿಡುವ ನರ್ಸ್ ಲೈಸೆನ್ಷರ್ ಕಾಂಪ್ಯಾಕ್ಟ್ ಎಂಬ ಒಪ್ಪಂದದಲ್ಲಿ ಎರಡೂ ರಾಜ್ಯಗಳಿವೆ, ಓಹಾಯೋದಲ್ಲಿ ಅದು 2023ರಲ್ಲಿ ಜಾರಿಗೆ ಬಂತು. ಆದರೆ ಅದಕ್ಕೂ ಹಿಂದಿನ ಓಹಾಯೋ ಪರವಾನಗಿ ತಾನಾಗಿಯೇ ಬಹುರಾಜ್ಯ ಪರವಾನಗಿಯಾಗುವುದಿಲ್ಲ, ನರ್ಸಿಂಗ್ ಬೋರ್ಡಿಗೆ ಅರ್ಜಿ ಹಾಕಿ ಬದಲಾಯಿಸಿಕೊಳ್ಳಬೇಕು. ನಿಮ್ಮದು ಯಾವ ಬಗೆಯದೆಂಬುದನ್ನು ನರ್ಸಿಸ್ ತಾಣದಲ್ಲಿ ಉಚಿತವಾಗಿ ನೋಡಬಹುದು.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಮೇಡಂ, ನಾನು ಒಂಟಿಯಾಗಿದ್ದೇನೆ. ಅಪಾರ್ಟ್‌ಮೆಂಟ್ ಬಿಟ್ಟುಕೊಟ್ಟು ಸಾಮಾನುಗಳನ್ನು ಗೆಳತಿಯ ಮನೆಯಲ್ಲಿಟ್ಟು, ಅವಳ ವಿಳಾಸವನ್ನೇ ಕೊಟ್ಟು ಊರಿಂದೂರಿಗೆ ಕೆಲಸ ಮಾಡಬೇಕೆಂದಿದ್ದೇನೆ. ಆಗ ಸ್ಟೈಪೆಂಡ್ ಪಡೆಯಬಹುದೇ?

ಉತ್ತರ:
ವಿಳಾಸ ಮಾತ್ರ ಇದ್ದರೆ ಸಾಲದು. ಖರ್ಚಿಲ್ಲದ ಮನೆ ಟ್ಯಾಕ್ಸ್ ಹೋಮ್ ಆಗುವುದಿಲ್ಲ. ಗೆಳತಿಯ ಮನೆಯಲ್ಲಿ ಒಂದು ಕೋಣೆಯನ್ನು ಮಾರುಕಟ್ಟೆಯ ದರಕ್ಕೆ ಬಾಡಿಗೆಗೆ ಪಡೆದು, ಕರಾರು ಬರೆದು, ಪ್ರತಿ ತಿಂಗಳೂ ಬ್ಯಾಂಕ್ ಮೂಲಕ ಹಣ ಕಟ್ಟಿ, ನಡುನಡುವೆ ಅಲ್ಲಿಗೆ ಬಂದು ಇದ್ದು, ಆ ಊರಿನಲ್ಲಿ ಒಂದಿಷ್ಟು ಕೆಲಸವನ್ನೂ ಮಾಡಿದರೆ ನಿಮ್ಮ ಹಕ್ಕು ನಿಲ್ಲುತ್ತದೆ. ಬಾಡಿಗೆ ಪಡೆಯುವ ಗೆಳತಿ ಅದನ್ನು ತನ್ನ ಆದಾಯದಲ್ಲಿ ತೋರಿಸಬೇಕಾಗುತ್ತದೆ. ಇದಾವುದೂ ಬೇಡವೆನಿಸಿದರೆ ಪೂರ್ತಿ ಹಣಕ್ಕೆ ತೆರಿಗೆ ಕಡಿತ ಮಾಡುವಂತೆ ಏಜೆನ್ಸಿಗೆ ಪ್ರಾಮಾಣಿಕವಾಗಿ ತಿಳಿಸಿ ಹೋಗಿ, ಅದರಲ್ಲಿ ಯಾವ ಕೊರತೆಯೂ ಇಲ್ಲ. ನಿಜವಾಗಿ ನೋಡಿದರೆ ಬಾಡಿಗೆ ಕಡಿಮೆಯಿರುವ ಪ್ರದೇಶಗಳಲ್ಲಿ ಹೀಗೆ ಹೋಗುವವರಿಗೂ ಸಾಕಷ್ಟು ಉಳಿಯುತ್ತದೆ, ಏಕೆಂದರೆ ಅವರು ಎರಡು ಮನೆಗಳ ಬಾಡಿಗೆ ಕಟ್ಟುವುದಿಲ್ಲ.

ಮತ್ತೊಬ್ಬರ ಪ್ರಶ್ನೆ:
ನಾನು ಎಚ್–1ಬಿ ವೀಸಾದಲ್ಲಿರುವ ಫಿಸಿಯೋಥೆರಪಿಸ್ಟ್. ನನ್ನ ಕಂಪನಿಯೇ 13 ವಾರಗಳಿಗೆ ಬೇರೆ ರಾಜ್ಯದ ಹಳ್ಳಿಯೊಂದಕ್ಕೆ ಕಳುಹಿಸುತ್ತೇನೆ ಎನ್ನುತ್ತಿದೆ. ಹೋಗಬಹುದೇ ಮೇಡಂ?

ಉತ್ತರ:
ತಿದ್ದುಪಡಿ ಅರ್ಜಿ ಸಲ್ಲಿಕೆಯಾಗುವವರೆಗೆ ಹೋಗಬೇಡಿ. ನಿಮ್ಮ ವೀಸಾ, ಕಂಪನಿ ಕಾರ್ಮಿಕ ಇಲಾಖೆಗೆ ಸಲ್ಲಿಸಿದ ಎಲ್‌ಸಿಎ ಎಂಬ ಅರ್ಜಿಯಲ್ಲಿ ನಮೂದಾದ ಕೆಲಸದ ಸ್ಥಳಕ್ಕೆ ಕಟ್ಟುಬಿದ್ದಿದೆ. ಆ ಪ್ರದೇಶದಿಂದ ಹೊರಗೆ ಕೆಲಸಕ್ಕೆ ಹೋಗುವ ಮೊದಲು ಹೊಸ ಎಲ್‌ಸಿಎ ಮತ್ತು ತಿದ್ದುಪಡಿ ಅರ್ಜಿ ಬೇಕೆಂಬುದು 2015ರ ಸಿಮಿಯೋ ತೀರ್ಪಿನಿಂದ ಸ್ಪಷ್ಟವಾಗಿದೆ. ಅಲ್ಪಾವಧಿಗೆ ವಿನಾಯಿತಿ ಇದೆ, ವರ್ಷಕ್ಕೆ 30 ಕೆಲಸದ ದಿನಗಳು, ಕೆಲವು ಷರತ್ತುಗಳೊಡನೆ 60. ವಾರಕ್ಕೆ ಐದು ದಿನಗಳಂತೆ 13 ವಾರಗಳೆಂದರೆ 65 ದಿನಗಳಾಗುತ್ತವೆ, ಎರಡೂ ಮಿತಿಗಳನ್ನು ಮೀರುತ್ತದೆ. ಅರ್ಜಿ ಸಲ್ಲಿಸಿದ ರಸೀತಿಯ ಪ್ರತಿಯನ್ನು ಕೇಳಿ ಪಡೆದು, ನಿಮ್ಮದೇ ಇಮಿಗ್ರೇಶನ್ ವಕೀಲರಿಗೆ ಒಮ್ಮೆ ತೋರಿಸಿ. ಕಂಪನಿಯ ವಕೀಲರು ನೋಡುವುದು ಕಂಪನಿಯ ಹಿತವನ್ನು.

ಮೊದಲ ಪ್ರಶ್ನೆ ಕೇಳಿದವರು:
ಕೊನೆಯದಾಗಿ ಒಂದು ಮಾತು ಮೇಡಂ. ಕೆಲಸ ಹಿಡಿಸಿದರೆ ಅವಧಿಯನ್ನು ವಿಸ್ತರಿಸುತ್ತಾ ಹೋಗಬಹುದೇ?

ಉತ್ತರ:
ವಿಸ್ತರಿಸಬಹುದು, ಆಸ್ಪತ್ರೆಗೂ ಅದೇ ಇಷ್ಟ. ಆದರೆ ಒಂದೇ ಪ್ರದೇಶದ ಕೆಲಸ ಒಂದು ವರ್ಷವನ್ನು ಮೀರುತ್ತದೆ ಎಂಬ ನಿರೀಕ್ಷೆ ಮೂಡಿದ ದಿನದಿಂದಲೇ, ವರ್ಷ ತುಂಬುವವರೆಗೆ ಕಾಯದೆ, ಅದು ತಾತ್ಕಾಲಿಕ ಕೆಲಸವಾಗಿ ಉಳಿಯುವುದಿಲ್ಲ ಮತ್ತು ಸ್ಟೈಪೆಂಡಿಗೆ ತೆರಿಗೆ ಬೀಳುತ್ತದೆ. ಮೂರನೆಯ ವಿಸ್ತರಣೆಯ ಹೊತ್ತಿಗೆ ತೆರಿಗೆ ಸಲಹೆಗಾರರೊಡನೆ ಮಾತನಾಡಿ. ಆರೋಗ್ಯ ವಿಮೆಯನ್ನೂ ಗಮನಿಸಿ: ಎರಡು ಒಪ್ಪಂದಗಳ ನಡುವೆ ಬಿಡುವು ಬಂದರೆ ಏಜೆನ್ಸಿಯ ವಿಮೆ ಎಂದು ನಿಲ್ಲುತ್ತದೆ ಎಂಬುದನ್ನು ಕೇಳಿ ತಿಳಿಯಿರಿ. ಮಗಳು ಯಜಮಾನರ ವಿಮೆಯಲ್ಲಿದ್ದರೆ ನೀವೂ ಅದಕ್ಕೇ ಸೇರಿಕೊಳ್ಳುವುದು ಸುಲಭ. ಚಳಿಗಾಲಕ್ಕೆ ಹೊರಡುವುದಾದರೆ ಕಾರಿಗೆ ಹಿಮದ ಟೈರ್ ಹಾಕಿಸಿ, ಶಿಫ್ಟ್ ಮುಗಿದ ಬೆಳಿಗ್ಗೆ ರಸ್ತೆ ಮುಚ್ಚಿದ್ದರೆ ಆಸ್ಪತ್ರೆಯಲ್ಲಿಯೇ ಮಲಗಲು ಕೋಣೆ ಕೊಡುತ್ತಾರೆಯೇ ಎಂದು ಮ್ಯಾನೇಜರ್ ಅವರನ್ನು ಮೊದಲೇ ಕೇಳಿಟ್ಟುಕೊಳ್ಳಿ.